ಉಪಕುಲಪತಿ ಕುವೆಂಪು ಅವರನ್ನು ಹುಡುಕಿಕೊಂಡು ಒಂದು ಭಾನುವಾರದ ನಡಿಗೆ

ಮೈಸೂರಿನಲ್ಲಿ ಅರಮನೆ, ಮಾರುಕಟ್ಟೆ, ಹಳೆಯ ಅಗ್ರಹಾರಗಳನ್ನು ತೋರಿಸುವ ಪಾರಂಪರಿಕ ನಡಿಗೆಗಳಿಗೆ ಈಗ ಕೊರತೆಯಿಲ್ಲ. ಆದರೆ ಒಬ್ಬ ಉಪಕುಲಪತಿಯ ವೃತ್ತಿಜೀವನವನ್ನು ಕಾಲ್ನಡಿಗೆಯಲ್ಲಿ ತೋರಿಸುತ್ತೇವೆಂದು ಹೇಳುವವರು ನನಗೆ ಸಿಕ್ಕಿದ್ದು ಇದೇ ಮೊದಲು. ಕರಪತ್ರದಲ್ಲಿ 'ವಿಶ್ವವಿದ್ಯಾನಿಲಯ ಕಟ್ಟಿದ ಕವಿ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ತಲೆಗೆ 650 ರೂಪಾಯಿ. ಬೆಳಗಿನ ತಿಂಡಿ, ಕಾಫಿ ಮತ್ತು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ವ್ಯಾನು ಅದರಲ್ಲೇ ಸೇರಿತ್ತು. ಕುವೆಂಪು ಅವರ ಕಾವ್ಯದ ಬಗ್ಗೆ ಹೇಳುವವರು ಬೀದಿಗೊಬ್ಬರಿದ್ದಾರೆ, ಮೈಸೂರು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಭವನದ ಕುರ್ಚಿಯಲ್ಲಿ ಕುಳಿತು ಅವರು ಮಾಡಿದ ಕೆಲಸದ ಬಗ್ಗೆ ಹೇಳುವವರು ಅಪರೂಪ ಎಂಬ ಒಂದೇ ಕಾರಣಕ್ಕೆ ನಾನು ಹಣ ಕಟ್ಟಿದೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ನನ್ನ ತಕರಾರು ನಡಿಗೆಯ ಕ್ರಮದ ಮೇಲೆಯೇ ಹೊರತು ಆ ಹುಡುಗರ ಮೇಲಲ್ಲ.

ಬೆಳಿಗ್ಗೆ ಆರೂಮುಕ್ಕಾಲಿಗೆ ಮಹಾರಾಜ ಕಾಲೇಜಿನ ಮುಂದೆ ಹನ್ನೊಂದು ಜನ ಸೇರಿದೆವು. ಮಾರ್ಗದರ್ಶಿ ಇಪ್ಪತ್ತೈದರ ಆಸುಪಾಸಿನ ಯುವಕ; ದನಿ ಚೆನ್ನಾಗಿತ್ತು, ಕನ್ನಡ ಇನ್ನೂ ಚೆನ್ನಾಗಿತ್ತು. ಬಿ.ಎ. ಮುಗಿಸಿದ ಪುಟ್ಟಪ್ಪನವರನ್ನು ಕನ್ನಡ ಅಧ್ಯಾಪಕ ಟಿ. ಎಸ್. ವೆಂಕಣ್ಣಯ್ಯನವರು ಕನ್ನಡ ಎಂ.ಎ.ಗೆ ಸೇರುವಂತೆ ಒಪ್ಪಿಸಿದ ಪ್ರಸಂಗವನ್ನು ಅವನು ಎಷ್ಟು ಮನಮುಟ್ಟುವಂತೆ ಹೇಳಿದನೆಂದರೆ, ಫೋನು ನೋಡುತ್ತ ನಿಂತಿದ್ದ ಇಬ್ಬರು ಅದನ್ನು ಜೇಬಿಗಿಳಿಸಿದರು. 1929ರಲ್ಲಿ ಅದೇ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ, ನಡುವೆ ಕೆಲವು ವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜು, 1946ರಲ್ಲಿ ಪ್ರಾಧ್ಯಾಪಕರಾಗಿ ಮರಳಿ ಮೈಸೂರು, 1955ರಲ್ಲಿ ಅದೇ ಮಹಾರಾಜ ಕಾಲೇಜಿಗೆ ಪ್ರಾಂಶುಪಾಲ, ಮರುವರ್ಷವೇ ಉಪಕುಲಪತಿ. ಈ ಏಣಿಯ ಒಂದೊಂದು ಮೆಟ್ಟಿಲನ್ನೂ ಅವನು ಸರಿಯಾಗಿಯೇ ಹತ್ತಿಸಿದ. ಆದರೆ ಕೊನೆಯ ಮೆಟ್ಟಿಲಲ್ಲಿ ಜಾರಿ, ಕುವೆಂಪು ಈ ವಿಶ್ವವಿದ್ಯಾನಿಲಯದ ಮೊದಲ ಕುಲಪತಿ ಎಂದುಬಿಟ್ಟ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದಾಗ ಆ ಸ್ಥಾನಕ್ಕೆ ಮೊದಲು ಬಂದವರು ಎಚ್. ವಿ. ನಂಜುಂಡಯ್ಯನವರು. ಇದೇ ವಿಶ್ವವಿದ್ಯಾನಿಲಯದಲ್ಲಿ ಓದಿ, ಪದವಿ ಪಡೆದು, ಇದನ್ನೇ ಆಳುವ ಜಾಗಕ್ಕೆ ಬಂದವರಲ್ಲಿ ಕುವೆಂಪು ಮೊದಲಿಗರು. ನನಗೆ ಕೇಳಿದರೆ ಎರಡನೆಯ ಮಾತಿಗೇ ಹೆಚ್ಚು ತೂಕ. ಹಾಸ್ಟೆಲಿನ ಊಟವನ್ನೂ ಪರೀಕ್ಷೆಯ ಭಯವನ್ನೂ ಇಂಗ್ಲಿಷಿನಲ್ಲಿ ಪಾಠ ಕೇಳುವ ಮಲೆನಾಡಿನ ಹುಡುಗನ ತಳಮಳವನ್ನೂ ಸ್ವತಃ ಉಂಡವರು ಆ ಕುರ್ಚಿಗೆ ಬಂದದ್ದು ಅದೇ ಮೊದಲು ಎಂದಂತಾಯಿತಲ್ಲ.

(ಆಗ ಆ ಹುದ್ದೆಯ ಹೆಸರು ಉಪಕುಲಪತಿ. ಈಗ ಅದೇ ಹುದ್ದೆಗೆ ಕುಲಪತಿ, ಮೇಲಿರುವ ರಾಜ್ಯಪಾಲರಿಗೆ ಕುಲಾಧಿಪತಿ ಎನ್ನುತ್ತೇವೆ. ಹೆಸರು ಬಡ್ತಿ ಪಡೆದ ಮೇಲೆ ಅಧಿಕಾರವೂ ಅಷ್ಟೇ ಏರಿತೆಂದು ಭಾವಿಸಬೇಕಾಗಿಲ್ಲ.)

ಕ್ರಾಫರ್ಡ್ ಭವನದ ಮುಂದೆ ನನಗೆ ನಿಜವಾದ ನಿರಾಶೆಯಾಯಿತು. ಭಾನುವಾರವಾದ್ದರಿಂದ ಗೇಟು ಮುಚ್ಚಿತ್ತು. ಕಾವಲಿನವನು ಒಳಗಿನಿಂದ ಒಮ್ಮೆ ಕಣ್ಣು ಹಾಯಿಸಿ ಮತ್ತೆ ಪೇಪರಿಗೆ ಮುಖ ಕೊಟ್ಟ. ಮಾರ್ಗದರ್ಶಿ "ಇದು ಆಡಳಿತ ಕಚೇರಿ, ಫೋಟೊ ತೆಗೆದುಕೊಳ್ಳುವವರು ತೆಗೆದುಕೊಳ್ಳಿ" ಎಂದ, ಐದು ನಿಮಿಷಕ್ಕೆ ವ್ಯಾನು ಹತ್ತಿಸಿದ. ಕರಪತ್ರ ಹೇಳಿದ 'ಕಟ್ಟುವ' ಕೆಲಸ ನಡೆದದ್ದು ಸಭೆ, ಕಡತ, ನಿರ್ಣಯಗಳ ಈ ಆವರಣದಲ್ಲಿ. ಮೂರೂವರೆ ಗಂಟೆಯ ನಡಿಗೆಯಲ್ಲಿ ಅದಕ್ಕೆ ದಕ್ಕಿದ್ದು ಐದು ನಿಮಿಷ.

ಅಲ್ಲಿ ಹೇಳಬೇಕಾಗಿದ್ದ ವಿಷಯ ಕಡಿಮೆಯೇನಲ್ಲ. 1956 ರಾಜ್ಯ ಮರುವಿಂಗಡಣೆಯ ವರ್ಷ. ಹಿಂದೆ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು ನವೆಂಬರಿನಿಂದ ಹೊಸ ಮೈಸೂರು ರಾಜ್ಯದ ರಾಜ್ಯಪಾಲರು. ಬೆಂಗಳೂರಿಗೆ ಇನ್ನೂ ತನ್ನದೇ ವಿಶ್ವವಿದ್ಯಾನಿಲಯ ಇರಲಿಲ್ಲ, ಅದು ಬಂದದ್ದು 1964ರಲ್ಲಿ. ಹಾಗಾಗಿ ಸೆಂಟ್ರಲ್ ಕಾಲೇಜೂ ಸೇರಿದಂತೆ ಹಳೆಯ ಮೈಸೂರಿನ ಕಾಲೇಜುಗಳೆಲ್ಲ ಈ ಒಂದೇ ಸೂರಿನ ಕೆಳಗಿದ್ದವು. ಅಂಥ ಸಂಸ್ಥೆಯ ಚುಕ್ಕಾಣಿ ಹಿಡಿದ ಐವತ್ತೊಂದರ ಕವಿ ಅದನ್ನು ಅಧ್ಯಯನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂದು ಮೂರು ಅಂಗಗಳಾಗಿ ವಿಂಗಡಿಸಿದರು. ತರಗತಿಯ ಪಾಠ ಒಂದು ಕಡೆ, ಹೊಸ ಜ್ಞಾನದ ಹುಡುಕಾಟ ಇನ್ನೊಂದು ಕಡೆ, ಕಾಲೇಜಿನ ಮೆಟ್ಟಿಲು ತುಳಿಯಲಾಗದವರಿಗೆ ಉಪನ್ಯಾಸ ಮತ್ತು ಅಗ್ಗದ ಪುಸ್ತಕಗಳ ಮೂಲಕ ಅದನ್ನು ತಲುಪಿಸುವುದು ಮತ್ತೊಂದು ಕಡೆ. ಅಧ್ಯಾಪಕರು ಹಳ್ಳಿಗೆ ಹೋಗಿ ಮಾತನಾಡುವ ಪ್ರಚಾರೋಪನ್ಯಾಸಗಳು ಮೈಸೂರಿಗೆ ಹೊಸದಾಗಿರಲಿಲ್ಲ, ಆದರೆ ಅದನ್ನು ಪಾಠಕ್ಕೂ ಸಂಶೋಧನೆಗೂ ಸಮನಾದ ಅಂಗವೆಂದು ಕರೆದು ಕೂರಿಸಿದ್ದು ಆಡಳಿತಗಾರನೊಬ್ಬನ ತೀರ್ಮಾನ. ಪದವಿ ತರಗತಿಗಳಲ್ಲಿ ಕನ್ನಡ ಮಾಧ್ಯಮದ ಬಾಗಿಲು ತೆರೆದದ್ದೂ ಆ ವರ್ಷಗಳಲ್ಲಿಯೇ. ಬಾಗಿಲು ತೆರೆದರೆ ಒಳಗೆ ಓದಲು ಪುಸ್ತಕ ಬೇಕಲ್ಲ. ಅದಕ್ಕಾಗಿ ಬೇರೆ ಬೇರೆ ವಿಷಯಗಳ ಪ್ರಾಧ್ಯಾಪಕರನ್ನು ಹಿಡಿದು ಕನ್ನಡದಲ್ಲಿ ಪಠ್ಯಗಳನ್ನು ಬರೆಯಿಸಿದರು.

ಮಾರ್ಗದರ್ಶಿ ಬಿಟ್ಟ ಈ ಮಾತನ್ನು ನಮ್ಮ ಗುಂಪಿನಲ್ಲಿದ್ದ ಹಿರಿಯರೊಬ್ಬರು ವ್ಯಾನಿನಲ್ಲಿ ಎತ್ತಿಕೊಂಡರು. ನಿವೃತ್ತ ಮೇಷ್ಟ್ರು, ಮಂಡ್ಯದ ಕಡೆಯವರು. ಬಟ್ಟೆಯ ಚೀಲದಿಂದ ತಮ್ಮ ಅಣ್ಣ ಓದಿದ್ದೆಂದು ಹೇಳಿ ಒಂದು ಹಳೆಯ ತರ್ಕಶಾಸ್ತ್ರದ ಪಠ್ಯಪುಸ್ತಕ ತೆಗೆದರು. ರಟ್ಟು ಕಳಚಿ, ಕಂದು ಕಾಗದದ ಹೊದಿಕೆಯನ್ನು ಮೈದಾ ಅಂಟಿನಿಂದ ಹಚ್ಚಲಾಗಿತ್ತು. ಕೊನೆಯ ಪುಟಗಳಲ್ಲಿ ಪಾರಿಭಾಷಿಕ ಪದಗಳ ಪಟ್ಟಿ. ಅನೇಕ ಪದಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಆ ಅಣ್ಣ ಆಡುಮಾತಿನ ಅರ್ಥ ಬರೆದುಕೊಂಡಿದ್ದರು. 'ಅನುಮಾನ' (ತರ್ಕಶಾಸ್ತ್ರದಲ್ಲಿ ತಿಳಿದದ್ದರಿಂದ ತಿಳಿಯದ್ದನ್ನು ಊಹಿಸುವುದು) ಎಂಬ ಪದದ ಪಕ್ಕದಲ್ಲಿ "ಶಂಕೆ ಅಲ್ಲ!" ಎಂದು ಅಡಿಗೆರೆ ಹಾಕಿದ್ದನ್ನು ನೋಡಿ ನಾವೆಲ್ಲ ನಕ್ಕೆವು. ಕನ್ನಡ ಮಾಧ್ಯಮದ ಆ ಪ್ರಯತ್ನ ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂಬುದು ಆ ಒಂದು ಟಿಪ್ಪಣಿಯಲ್ಲೇ ಇತ್ತು. ಪುಸ್ತಕ ಬಂದಿತ್ತು, ಹುಡುಗ ಓದಿದ್ದ, ಆದರೆ ಸಂಸ್ಕೃತದಿಂದ ಎತ್ತಿ ತಂದ ಪರಿಭಾಷೆಯನ್ನು ಅವನು ಮತ್ತೊಮ್ಮೆ ಕನ್ನಡಕ್ಕೆ ಇಳಿಸಿಕೊಳ್ಳಬೇಕಾಗಿತ್ತು. ನಾನು ಕಟ್ಟಿದ 650 ರೂಪಾಯಿಯಲ್ಲಿ ಅರ್ಧದಷ್ಟಾದರೂ ಆ ಮೇಷ್ಟ್ರಿಗೆ ಸಲ್ಲಬೇಕು.

ತಿಂಡಿ ಚೆನ್ನಾಗಿತ್ತು. ಇಡ್ಲಿ ಬಿಸಿಯಾಗಿತ್ತು, ಚಟ್ನಿ ಎರಡನೆಯ ಸಲ ಕೇಳಿದರೂ ಮುಖ ಸಿಂಡರಿಸದೆ ಹಾಕಿದರು.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ ಕಳೆಗಟ್ಟಿತೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಕುವೆಂಪು ಅಡ್ಡಾಡುತ್ತಿದ್ದ ಕೆರೆ ಅದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಯುವಕ ಪುಸ್ತಕ ನೋಡದೆ ಮೂರು ಕವಿತೆ ಹೇಳಿದ, ಗಾಳಿ ಬೀಸಿದಾಗ ನಿಲ್ಲಿಸಿ, ಹಕ್ಕಿ ಎದ್ದಾಗ ಬೊಟ್ಟು ಮಾಡಿ. ಓಡಲು ಬಂದ ಊರಿನವರೂ ನಿಂತು ಕೇಳಿದರು. ಅಲ್ಲಿ ಐವತ್ತು ನಿಮಿಷ ಹೋದದ್ದೇ ತಿಳಿಯಲಿಲ್ಲ. ನನ್ನ ದೂರು ಇರುವುದೂ ಇಲ್ಲಿಯೇ. ಕವಿಗೆ ಐವತ್ತು ನಿಮಿಷ, ಉಪಕುಲಪತಿಗೆ ಐದು ನಿಮಿಷ ಎಂದಾದರೆ ಕರಪತ್ರದ ತಲೆಬರಹವನ್ನು ಬದಲಿಸುವುದೇ ಮೇಲು.

ಅಲ್ಲಿಂದ ಗಂಗೋತ್ರಿ. ಊರಿನವರ ಬಾಯಲ್ಲಿ ಅದು ಎಂದೂ ಬರಿಯ ಗಂಗೋತ್ರಿ, ಪೂರ್ತಿ 'ಮಾನಸಗಂಗೋತ್ರಿ' ಎನ್ನುವವರು ಘಟಿಕೋತ್ಸವದ ನಿರೂಪಕರು ಮಾತ್ರ. ಯುವಕ ಇಲ್ಲಿ ಮತ್ತೆ ಎಡವಿ, ವಿಶ್ವವಿದ್ಯಾನಿಲಯ ಶುರುವಾದದ್ದೇ ಈ ಆವರಣದಲ್ಲಿ ಎಂದ. ಸ್ನಾತಕೋತ್ತರ ಕೇಂದ್ರವಾಗಿ ಗಂಗೋತ್ರಿ ಬಂದದ್ದು 1960ರಲ್ಲಿ, ಅಂದರೆ ವಿಶ್ವವಿದ್ಯಾನಿಲಯಕ್ಕೆ ನಲವತ್ತನಾಲ್ಕು ತುಂಬಿದ ಮೇಲೆ. ಅದುವರೆಗೆ ಉನ್ನತ ಓದು ಒಂದಿಷ್ಟು ಮಹಾರಾಜ ಕಾಲೇಜಿನಲ್ಲಿ, ವಿಜ್ಞಾನದ್ದು ಬಹುಮಟ್ಟಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಹಂಚಿಹೋಗಿತ್ತು. ಅದನ್ನು ಒಂದೇ ಬಯಲಿಗೆ ತಂದು, ಕಲೆ ಮತ್ತು ವಿಜ್ಞಾನದವರು ಒಂದೇ ದಾರಿಯಲ್ಲಿ ಎದುರಾಗುವಂತೆ ಮಾಡುವುದು ಇದರ ಹಿಂದಿನ ಆಲೋಚನೆ. ಜಯಲಕ್ಷ್ಮೀವಿಲಾಸ ಅರಮನೆಯನ್ನು ವಿಶ್ವವಿದ್ಯಾನಿಲಯ ಕೊಂಡುಕೊಂಡದ್ದೂ ಕುವೆಂಪು ಅವರ ಕಾಲದಲ್ಲಿಯೇ. ನಾವು ಅದನ್ನು ಹೊರಗಿನಿಂದ ನೋಡಿದೆವು. ಕಂಬಗಳ ಸಾಲಿನ ಮುಂದೆ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುತ್ತಿದ್ದ ಜೋಡಿಯೊಂದು ನಮ್ಮ ಗುಂಪು ಸರಿಯುವವರೆಗೆ ತಾಳ್ಮೆಯಿಂದ ಕಾಯಿತು.

ಹೆಸರಿನ ವಿಷಯದಲ್ಲಿ ಮಾರ್ಗದರ್ಶಿ ಒಂದು ಒಳ್ಳೆಯ ಮಾತು ಹೇಳಿದ. ಬೇರೆಯವರಾಗಿದ್ದರೆ ಇದಕ್ಕೆ ಯಾರಾದರೂ ಮಂತ್ರಿಯ ಹೆಸರಿಡುತ್ತಿದ್ದರು ಎಂದ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಗಂಗೆ ಹುಟ್ಟುವ ಜಾಗ ಗಂಗೋತ್ರಿ, ಅದು ಮನಸ್ಸಿನದಾದರೆ ಮಾನಸಗಂಗೋತ್ರಿ; ಹುಟ್ಟಿದ್ದು ಅಲ್ಲೇ ನಿಲ್ಲದೆ ಬಯಲಿಗೆ ಹರಿಯಬೇಕು, ಆ ಹರಿಯುವ ಕಾಲುವೆಗೆ ಪ್ರಸಾರಾಂಗವೆಂದು ಹೆಸರು. ಎರಡೂ ಪದಗಳನ್ನು ಒಟ್ಟಿಗಿಟ್ಟು ನೋಡಿದರೆ ಅದೊಂದು ಕವಿತೆಯ ಸಾಲಿಗಿಂತ ಹೆಚ್ಚಾಗಿ ಆಡಳಿತದ ಯೋಜನೆಯಂತೆ ಕಾಣುತ್ತದೆ. ಕವಿ ಬೇರೆ, ಆಡಳಿತಗಾರ ಬೇರೆ ಎಂದು ನಡಿಗೆಯನ್ನು ಎರಡು ತುಂಡು ಮಾಡಿದ್ದರಿಂದ ಈ ಕೊಂಡಿ ಅವರ ಕೈಗೆ ಸಿಗಲಿಲ್ಲ.

ಅವಧಿಯ ಪ್ರಶ್ನೆಯೂ ಬರಬೇಕಾಗಿತ್ತು. ಕುವೆಂಪು ಆ ಹುದ್ದೆಯಲ್ಲಿದ್ದದ್ದು 1956ರಿಂದ 1960ರವರೆಗೆ, ನಾಲ್ಕು ವರ್ಷ. ಅದೇ ಹೊತ್ತಿನಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಡಿ. ಸಿ. ಪಾವಟೆಯವರು 1954ರಿಂದ 1967ರವರೆಗೆ, ಹದಿಮೂರು ವರ್ಷ ಇದ್ದರು. ತಾವು ಅಡಿಪಾಯ ಹಾಕಿದ ಕಟ್ಟಡಗಳಿಗೆ ಬಣ್ಣ ಬಳಿಯುವುದನ್ನೂ ಕಂಡವರು. ಆ ಭಾಗ್ಯ ಮೈಸೂರಿನವರಿಗಿರಲಿಲ್ಲ. ಗಂಗೋತ್ರಿಯ ವರ್ಷವೇ ಅವರು ನಿವೃತ್ತರಾದ ವರ್ಷ. ಕನ್ನಡ ಅಧ್ಯಯನ ಸಂಸ್ಥೆ 1966ರಲ್ಲಿ, ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಬಂದವು; ಅವರ ಶಿಷ್ಯ ದೇ. ಜವರೇಗೌಡರು 1969ರಲ್ಲಿ ಅದೇ ಕುರ್ಚಿಗೆ ಬಂದು ಆರು ವರ್ಷ ಇದ್ದು ಕೆಲಸವನ್ನು ಹಬ್ಬಿಸಿದರು. ಗುರು ಗೆರೆ ಎಳೆದ, ಶಿಷ್ಯ ಕಟ್ಟಿದ ಎಂಬ ಈ ಕಥೆಯನ್ನು ಕನ್ನಡ ಅಧ್ಯಯನ ಸಂಸ್ಥೆಯ ಮುಂದೆ ನಿಂತು ಹತ್ತು ನಿಮಿಷ ಹೇಳಿದ್ದರೂ ಸಾಕಾಗಿತ್ತು. ವ್ಯಾನು ಅದರ ಮುಂದೆ ನಿಧಾನ ಮಾಡಿತಷ್ಟೆ.

ಕೊನೆಗೆ ಒಂಟಿಕೊಪ್ಪಲಿನ 'ಉದಯರವಿ'ಯನ್ನು ರಸ್ತೆಯ ಆಚೆ ಬದಿಯಿಂದ ತೋರಿಸಿದರು. ಮನೆಯ ಮುಂದೆ ಗುಂಪು ಕಟ್ಟಿ ಗದ್ದಲ ಮಾಡಬಾರದೆಂದು ಮೊದಲೇ ಎಚ್ಚರಿಸಿದ್ದು ನನಗೆ ಮೆಚ್ಚುಗೆಯಾಯಿತು. ಗುಂಪಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು, ಉಪಕುಲಪತಿಯಾಗಿದ್ದ ದಿನಗಳ ಬಗ್ಗೆ ಅವರು ಆತ್ಮಕಥೆಯಲ್ಲಿ ಏನು ಬರೆದಿದ್ದಾರೆ ಎಂದು ಕೇಳಿದಳು. ಯುವಕ ತಡವರಿಸಿದ. ತಪ್ಪು ಅವನದಲ್ಲ, ಆತ್ಮಕಥೆ ಆ ವರ್ಷಗಳವರೆಗೆ ಬರುವುದೇ ಇಲ್ಲ. ಅವರೇ ಹೇಳದೆ ಉಳಿಸಿದ ಭಾಗವಾದ್ದರಿಂದ ತೋರಿಸುವವರ ಹೊಣೆ ಇನ್ನೂ ಹೆಚ್ಚು.

ಕೊಟ್ಟ ದುಡ್ಡಿಗೆ ಮೋಸವಿಲ್ಲ. ಸಮಯಪಾಲನೆ, ವ್ಯಾನು, ತಿಂಡಿ, ಮಾರ್ಗದರ್ಶಿಯ ಕನ್ನಡ ಎಲ್ಲವೂ ಚೆನ್ನ. ಮಕ್ಕಳನ್ನು ಕರೆದುಕೊಂಡು ಕುವೆಂಪು ಕಾವ್ಯದ ಗುಂಗಿನಲ್ಲಿ ಒಂದು ಬೆಳಿಗ್ಗೆ ಕಳೆಯುವವರು ಧಾರಾಳವಾಗಿ ಹೋಗಬಹುದು. ವಿಶ್ವವಿದ್ಯಾನಿಲಯದ ಕಥೆಗಾಗಿ ಹೋಗುವವರು ಆ ಮೇಷ್ಟ್ರಂಥವರೊಬ್ಬರನ್ನು ಜೊತೆಗೆ ಹುಡುಕಿಕೊಂಡು ಹೋಗಲಿ. ಅಭಿಪ್ರಾಯ ಬರೆಯಲು ಕೊಟ್ಟ ಹಾಳೆಯಲ್ಲಿ ನಾನು ಇಸವಿಗಳ ತಪ್ಪನ್ನು ತಿದ್ದಿ, ನಡಿಗೆಯನ್ನು ಕೆಲಸದ ದಿನಕ್ಕೆ ಇಟ್ಟುಕೊಂಡು, ಅನುಮತಿ ಪಡೆದು ಕ್ರಾಫರ್ಡ್ ಭವನದ ಒಳಗೆ ಅರ್ಧ ಗಂಟೆ ಕೂರಿಸಿ ಮಾತನಾಡಿ ಎಂದು ಬರೆದೆ. ಯುವಕ ಅಲ್ಲೇ ಓದಿ, ಇಸವಿಗಳನ್ನು ತನ್ನ ಡೈರಿಗೆ ಬರೆದುಕೊಂಡ. "ಮಿಕ್ಕಿದ್ದೆಲ್ಲ ಮಾಡೋಣ ಸಾರ್, ಆದರೆ ಕೆಲಸದ ದಿನ ಅಲ್ಲಿ ವ್ಯಾನು ನಿಲ್ಲಿಸೋಕೆ ಜಾಗ ಸಿಗಲ್ಲ" ಎಂದ.