ಬೆಟ್ಟದ ತೋಟದಲ್ಲಿ ಪುಟ್ಟ ಹವಾಮಾನ ಕೇಂದ್ರ: ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾಳೆ ಮಳೆ ಬರುತ್ತಾ ಇಲ್ವಾ ಅಂತ ತಿಳಿಯೋದಕ್ಕೆ ಇದನ್ನು ಕೊಳ್ಳಬೇಡಿ. ಅದಕ್ಕೆ ಮೊಬೈಲ್ ಸಾಕು. ನಿನ್ನೆ ರಾತ್ರಿ ನಿಮ್ಮದೇ ತೋಟದಲ್ಲಿ ಏನಾಯಿತು, ಇದು ಹೇಳುವುದು ಅಷ್ಟೇ. ಅದನ್ನು ತಿಳಿದು ಏನು ಮಾಡೋದು ಅಂತ ನನಗೂ ಅನಿಸಿತ್ತು.

ನಾನು ತಂದದ್ದು ಮನೆಬಳಕೆಯ ಮಾದರಿ. ಮಳೆಮಾಪಕ, ಗಾಳಿಗೆ ತಿರುಗುವ ಬಟ್ಟಲುಗಳು, ಬಿಳಿ ತಟ್ಟೆಗಳ ಗೂಡಿನೊಳಗೆ ತಾಪಮಾನ ಮತ್ತು ತೇವ ಅಳೆಯುವ ಸೆನ್ಸರ್, ಒಳಗೆ ನೋಡಲು ಒಂದು ಪರದೆ. ಜೊತೆಗೆ ತಾಪಮಾನದ ಸೆನ್ಸರ್ ಇನ್ನೊಂದನ್ನು ಬೇರೆಯಾಗಿ ತರಿಸಿದೆ. ನಾನು ಮಾಡಿದ ಒಂದೇ ಜಾಣತನ ಅದು. ಮುಖ್ಯ ಕಂಬ ತೋಟದ ಮೇಲ್ತುದಿಯಲ್ಲಿ, ಈ ಎರಡನೆಯದು ಕೆಳಗಿನ ತಗ್ಗಿನಲ್ಲಿ. ಎರಡರ ನಡುವೆ ಸುಮಾರು 120 ಮೀಟರ್ ಎತ್ತರದ ವ್ಯತ್ಯಾಸ.

ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ನಮ್ಮ ಮೇಲ್ತುದಿ ಮುಕ್ಕಾಲು ಡಿಗ್ರಿ ತಣ್ಣಗಿರಬೇಕಿತ್ತು. ಹಗಲಲ್ಲಿ ಹಾಗೇ ಇತ್ತು. ಆದರೆ ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ಎಲ್ಲ ಉಲ್ಟಾ, ಕೆಳಗಿನ ತಗ್ಗು ಮೂರು ಡಿಗ್ರಿ ಜಾಸ್ತಿ ತಣ್ಣಗೆ! ತಣ್ಣನೆಯ ಗಾಳಿ ಭಾರ, ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಓದಿ ಗೊತ್ತಿತ್ತು. ಆದರೆ ನನ್ನ ಒಂದೇ ತೋಟದಲ್ಲಿ ಎರಡು ಹವೆ ಇದೆ ಅನ್ನೋದು ಅಂಕಿಯಲ್ಲಿ ಕಂಡ ಮೇಲೇ ತಲೆಗೆ ಹೋಯಿತು.

"ಬಿಸಿ ಏರ್ತಿದೆ ಅಂತೀರಿ, ಮತ್ತೆ ಹೂವು ಚಳಿಗೆ ಸುಟ್ಟಿದ್ದು ಹೇಗೆ?" ಅಂತ ಪಕ್ಕದ ತೋಟದವರು ಕೇಳಿದರು. ಒಳ್ಳೆಯ ಪ್ರಶ್ನೆ. ಬಿಸಿ ಏರುತ್ತಿರುವುದು ನಿಜ. ಆಲ್ಪ್ಸ್, ಪಶ್ಚಿಮ ಉತ್ತರ ಅಮೆರಿಕ ಮತ್ತು ಏಷ್ಯಾದ ಎತ್ತರದ ಬೆಟ್ಟಗಳಲ್ಲಿ ದಶಕಕ್ಕೆ ಸುಮಾರು 0.3 ಡಿಗ್ರಿ ಅಂತ ಐಪಿಸಿಸಿಯ, ಅಂದರೆ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿಯ, 2019ರ ವಿಶೇಷ ವರದಿ ಹೇಳುತ್ತದೆ. ಚಳಿ ಬೇಗ ಸಡಿಲವಾದರೆ ಗಿಡ ಬೇಗ ಎಚ್ಚರವಾಗಿ ಹೂ ಬಿಡುತ್ತದೆ. ಆಮೇಲೆ ಒಂದೇ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಹಿಮವಾದರೂ ಸಾಕು, ಮೊಗ್ಗಾಗಿದ್ದರೆ ಉಳಿಯುತ್ತಿದ್ದದ್ದು ಹೂವಾಗಿ ಸಾಯುತ್ತದೆ.

ಇನ್ನೊಂದು ಪೇಚು. ಸೇಬಿನಂಥ ಗಿಡಕ್ಕೆ ಚಳಿಗಾಲದ ನಿದ್ದೆ ಬೇಕು, ಹಳೆಯ ತಳಿಗಳಲ್ಲಿ ಎಷ್ಟೋ ಗಿಡಗಳು 7 ಡಿಗ್ರಿಗಿಂತ ಕೆಳಗೆ ಸುಮಾರು ಸಾವಿರ ಗಂಟೆ ಕೇಳುತ್ತವೆ, ಅದು ಸಿಗದಿದ್ದರೆ ಹೂವು ಒಂದಿಷ್ಟು ಈಗ ಒಂದಿಷ್ಟು ಆಮೇಲೆ ಅಂತ ಸೊರಗಿ ಬರುತ್ತದೆ. ಈ ಕೇಂದ್ರ ಗಂಟೆಗೊಂದರಂತೆ ಅಂಕಿ ಉಳಿಸಿಡುತ್ತದೆ, ಹಾಗಾಗಿ ಕೂತು ಎಣಿಸಿದೆ. ಮೇಲಿನ ಭಾಗಕ್ಕೆ ಚಳಿ ಸಾಲುತ್ತಿಲ್ಲ, ತಗ್ಗಿಗೆ ಹೇಗೋ ಸಾಲುತ್ತಿದೆ. ಕಡಿಮೆ ಚಳಿ ಸಾಕೆನ್ನುವ ತಳಿಯ ಕಸಿ ಗಿಡಗಳನ್ನು ತಗ್ಗಿನಲ್ಲಿ ನೆಡಬೇಕೆಂದು ಗುಂಡಿ ತೋಡಿಸಿದ್ದೆ, ನೀರು ಹತ್ತಿರ ಅಂತ! ಅವು ಬೇಗ ಹೂ ಬಿಡುವ ಗಿಡಗಳು. ಹಿಮ ನಿಲ್ಲುವ ಜಾಗಕ್ಕೆ ಕೈಯಾರೆ ಕೊಟ್ಟಂತಾಗುತ್ತಿತ್ತು. ಗುಂಡಿ ಮುಚ್ಚಿಸಿ ಅವನ್ನು ಮೇಲೆ ನೆಟ್ಟೆ, ಹಳೆಯ ತಳಿ ಕೆಳಗೇ ಇದೆ. ತಗ್ಗಿನ ಕೊನೆಯ ದಟ್ಟ ಬೇಲಿಯಲ್ಲಿ ಅಗಲವಾದ ಕಿಂಡಿ ಕಡಿಸಿದೆ, ತಣ್ಣನೆ ಗಾಳಿ ಹೊರಗೆ ಹರಿಯಲಿ ಅಂತ. ಮುಂದಿನ ಚಳಿಗಾಲದಲ್ಲಿ ಮೂರು ಡಿಗ್ರಿ ಅಂತರ ಎರಡಕ್ಕೆ ಇಳಿಯಿತು. ಒಂದೇ ವರ್ಷದ ಮಾತು, ಜಾಸ್ತಿ ಬೀಗಲ್ಲ.

ಈಗ ಬೈಗುಳ. ಮಳೆಮಾಪಕದೊಳಗೆ ಪುಟ್ಟ ತೊಟ್ಟಿ ತುಂಬಿ ಮಗುಚುತ್ತದೆ, ಎಷ್ಟು ಸಲ ಮಗುಚಿತು ಅನ್ನುವುದೇ ಲೆಕ್ಕ. ಜೋರು ಮಳೆಯಲ್ಲಿ ಮಗುಚುವಷ್ಟರಲ್ಲಿ ಬಿದ್ದ ನೀರು ಲೆಕ್ಕ ತಪ್ಪುತ್ತದೆ. ಪಕ್ಕದಲ್ಲೇ ಇಟ್ಟ ಸಾದಾ ಅಳತೆ ಕೊಳವೆ 70 ಮಿಲಿಮೀಟರ್ ತೋರಿಸಿದ ದಿನ ಇದು 61 ಅಂದಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಜಾಸ್ತಿ ನೀರಾವಿ ಹಿಡಿಯಬಲ್ಲದು, ಅಂದರೆ ಸುರಿದಾಗ ಒಮ್ಮೆಲೇ ಸುರಿಯುವ ಕಾಲ ಇದು. ಆ ಮಳೆಯನ್ನೇ ತಪ್ಪಾಗಿ ಅಳೆದರೆ ಇದು ಇದ್ದು ಏನು ಬಂತು? 50 ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಎರಡು ಲಕ್ಷ ಲೀಟರ್ ನೀರು. ಇಳಿಜಾರಿನಲ್ಲಿ ಅದು ಮೇಲ್ಮಣ್ಣು ಎತ್ತಿಕೊಂಡೇ ಹೋಗುತ್ತದೆ. ಇಂಗುಗುಂಡಿ, ಅಡ್ಡ ಬದುಗಳ ಅಳತೆಗೆ ನಾನು ಸಾದಾ ಕೊಳವೆಯ ಅಂಕಿಯನ್ನೇ ಹಿಡಿದೆ.

ಹಿಮದ ಎಚ್ಚರಿಕೆಯ ಗಂಟೆಯನ್ನು ಸೊನ್ನೆಗೆ ಇಡಬೇಡಿ. ಸೆನ್ಸರ್ ಇರುವುದು ಎದೆಮಟ್ಟದಲ್ಲಿ. ಅಲ್ಲಿ 2 ಡಿಗ್ರಿ ಇದ್ದಾಗಲೇ ನೆಲದ ಹತ್ತಿರದ ಎಲೆ ಸೊನ್ನೆಗಿಂತ ಕೆಳಗೆ ಹೋಗಿರಬಹುದು. ನಾನು 3ಕ್ಕೆ ಇಟ್ಟಿದ್ದೇನೆ. ಸುಮ್ನೆ ಎದ್ದ ರಾತ್ರಿಗಳೂ ಇವೆ, ಇರಲಿ. ಚಳಿಗೆ ಸಾಮಾನ್ಯ ಬ್ಯಾಟರಿ ಸುಸ್ತಾಗುತ್ತದೆ, ಲಿಥಿಯಂ ಹಾಕಿ. ನಡುವೆ ದಿಣ್ಣೆ ಬಂದರೆ ಸಿಗ್ನಲ್ ಸಿಗಲ್ಲ, ಕಂಬ ಹೂಳುವ ಮೊದಲು ಕೈಯಲ್ಲಿ ಹಿಡಿದು ನಡೆದು ನೋಡಿ. ಮಾಪಕದ ಬಾಯಿಗೆ ಜೇಡ ಬಲೆ ಕಟ್ಟಿ ಒಂದು ವಾರ ಮಳೆಯೇ ಇಲ್ಲ ಅಂತ ತೋರಿಸಿದಾಗ ಸಹಾಯವಾಣಿಗೆ ಫೋನ್ ಮಾಡಿದ್ದೆ, ಆ ಕಡೆಯವರು "ನಿಮ್ಮಲ್ಲಿ ಮಳೆ ಬಂದಿಲ್ಲವೇನೋ ನೋಡಿ ಸರ್" ಅಂದರು. ಆಗ ನಾನು ಕೊಡೆ ಹಿಡಿದು ನಿಂತಿದ್ದೆ.

ಐದಕ್ಕೆ ಮೂರೂವರೆ. ಮಳೆಮಾಪಕಕ್ಕೆ ಒಂದು ಕಳೆದೆ, ಸಹಾಯವಾಣಿಗೆ ಅರ್ಧ.