ಟಮಾಟಿ ಪಾಸ್ತಾಕ್ಕೆ ಯಾವ ಕೆನೆ? ನಾಲ್ಕು ಬಟ್ಟಲು ಇಟ್ಟು ನೋಡಿದೆ

ಮೊದಲ ಸಲ ಮನೆಯಲ್ಲಿ ಕೆನೆ ಹಾಕಿದ ಟಮಾಟಿ ಪಾಸ್ತಾ ಮಾಡಿದಾಗ ಸಾಸು ನನ್ನ ಕಣ್ಣೆದುರೇ ಒಡೆಯಿತು. ಕುದಿಯುತ್ತಿದ್ದ ಕೆಂಪು ರಸಕ್ಕೆ ಫ್ರಿಜ್ಜಿನಿಂದ ತೆಗೆದ ತಣ್ಣನೆ ಹಾಲು ಸುರಿದಿದ್ದೆ. ಎರಡು ಸಲ ಸೌಟು ಆಡಿಸುವಷ್ಟರಲ್ಲಿ ಬಾಣಲೆಯ ಅಂಚಿಗೆ ಬಿಳಿ ಕಾಳು ಅಂಟಿಕೊಂಡವು, ನಡುವೆ ತೆಳ್ಳಗೆ ಕೆಂಪು ನೀರು ನಿಂತಿತು. ಮಗಳು ಬಗ್ಗಿ ನೋಡಿ, "ಮಮ್ಮಿ, ಇದು ಪನೀರ್ ಆಗ್ಯಾದಲ್ಲ?" ಅಂದಳು. ಅವಳು ಹೇಳಿದ್ದು ಸರಿ. ಕುದಿಯುವ ಹಾಲಿಗೆ ನಿಂಬೆಹುಳಿ ಹಿಂಡಿದಾಗ ಆಗುವುದೇ ಇಲ್ಲೂ ಆಗಿತ್ತು. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.6ರ ಸುತ್ತ ಗಡ್ಡೆ ಕಟ್ಟುತ್ತದೆ. ಟಮಾಟಿಯ ಹುಳಿ ಸಾಮಾನ್ಯವಾಗಿ ಇರುವುದೂ ಅಲ್ಲೇ, ಕೆಲವು ಸಲ ಅದಕ್ಕಿಂತ ಕೆಳಗೆ. ಮೇಲೆ ಉರಿ ಬೇರೆ ಜೋರಾಗಿತ್ತು.

ಕಾಲೇಜು ಹುಡುಗರು ಪಿಂಕ್ ಸಾಸ್ ಪಾಸ್ತಾ ಅಂತ ಕೇಳಿ ತಿನ್ನುವುದು ಈ ಕೆನೆ ಹಾಕಿದ ಟಮಾಟಿ ಪಾಸ್ತಾವನ್ನೇ. ಕಲಬುರಗಿಯಲ್ಲಿ ಈಗ ಪೆನ್ನೆ (ಸಣ್ಣ ಕೊಳವೆಯಂಥ ಪಾಸ್ತಾ) ಪೊಟ್ಟಣ ಸಿಗದ ಕಿರಾಣಿ ಅಂಗಡಿ ಕಡಿಮೆ. ಆದರೆ ಕೆನೆಗೆ ಏನು ಹಾಕಬೇಕು ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು. ಅಂಗಡಿಯ ಕ್ರೀಮೇ ಬೇಕು ಅನ್ನುವವರಿದ್ದಾರೆ, ಮೈದಾ ಹಾಲು ಸಾಕು ಅನ್ನುವವರಿದ್ದಾರೆ, ಗೋಡಂಬಿ ಅರೆದು ಹಾಕಿರಿ ಅನ್ನುವವರೂ ಇದ್ದಾರೆ. ಮನೆಗೆ ದಿನಾ ಎಮ್ಮೆ ಹಾಲು ಬರುವಾಗ ಕಾಸಿದ ಹಾಲಿನ ಕೆನೆ ಯಾಕಾಗಬಾರದು ಅನ್ನುವುದು ನನ್ನ ಪ್ರಶ್ನೆಯಾಗಿತ್ತು. ಬೇರೆ ಬೇರೆ ದಿನ ಮಾಡಿ ನಾಲಿಗೆಯ ನೆನಪಿನ ಮೇಲೆ ಹೋಲಿಸಿದರೆ ನ್ಯಾಯ ಆಗುವುದಿಲ್ಲ. ಹಾಗಾಗಿ ಒಂದು ರವಿವಾರ ಕಣ್ಣಿ ಮಾರ್ಕೆಟಿನಿಂದ ಎರಡು ಕಿಲೊ ಟಮಾಟಿ ತಂದು, ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ನಾಲ್ಕು ಪಾಲು ಮಾಡಿದೆ. 500 ಗ್ರಾಂ ಪೆನ್ನೆ, ಪಾಲಿಗೆ 125 ಗ್ರಾಂ. ಉಪ್ಪು ಖಾರ ಒಂದೇ. ಬದಲಾದದ್ದು ಕೆನೆ ಮಾತ್ರ.

ಕೆನೆಗಿಂತ ಮೊದಲು ಟಮಾಟಿಯ ಮಾತು ಆಡಲೇಬೇಕು, ಯಾಕೆಂದರೆ ಅರ್ಧ ಕೆಲಸ ಅಲ್ಲೇ ಕೆಡುತ್ತದೆ. ಸಾರಿಗೆ ನಮಗೆ ಜವಾರಿ ಟಮಾಟಿಯೇ ಆಗಬೇಕು. ಅದರ ಹುಳಿ, ಅದರ ವಾಸನೆ ಬೇರೆ ಯಾವುದಕ್ಕೂ ಇಲ್ಲ. ಆದರೆ ಈ ಅಡುಗೆಗೆ ಅದೇ ಹುಳಿ ಅಡ್ಡ ಬರುತ್ತದೆ, ಬೀಜ ನೀರೂ ಜಾಸ್ತಿ. ಉದ್ದುದ್ದ ಮೊಟ್ಟೆಯ ಆಕಾರದ ಹೈಬ್ರಿಡ್ ಟಮಾಟಿ ಎರಡು ದಿನ ಬುಟ್ಟಿಯಲ್ಲಿ ಬಿಟ್ಟು, ಬೆರಳಿಗೆ ಮೆತ್ತಗೆ ಹತ್ತುವಷ್ಟು ಹಣ್ಣಾದ ಮೇಲೆ ತೆಗೆದುಕೊಂಡರೆ ತಿರುಳು ದಪ್ಪ, ಸಿಹಿ ಇರುತ್ತದೆ. ಹಣ್ಣಿನ ತಳಕ್ಕೆ ಅಡ್ಡ ಗೀಟು ಹಾಕಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಬಿಟ್ಟರೆ ಸಿಪ್ಪೆ ತಾನೇ ಬಿಚ್ಚಿಕೊಳ್ಳುತ್ತದೆ. ಪೆಟ್ಟಿಗೆಯ ಪ್ಯೂರಿ ಒಂದು ಸಲ ಹಾಕಿ ನೋಡಿದ್ದೇನೆ. ಬಣ್ಣ ಗಾಢವಾಗಿ ಬಂತು, ರುಚಿ ಒಂದೇ ಸಮ, ಬಾಯಲ್ಲಿ ಏನೂ ಉಳಿಯಲಿಲ್ಲ. ಕೆಚಪ್ ಬೇಡವೇ ಬೇಡ, ಅದರಲ್ಲಿ ವಿನಿಗರ್ ಇರುತ್ತದೆ.

ಎಣ್ಣೆ ಮತ್ತು ಒಂದು ಚಮಚ ಬೆಣ್ಣೆಯಲ್ಲಿ ಹತ್ತು ಎಸಳು ಬಳ್ಳೊಳ್ಳಿ, ಎರಡು ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ ಹುರಿದೆ. ಮೇಲೆ ಬ್ಯಾಡಗಿ ಖಾರಪುಡಿ ಉದುರಿಸಿ, ಅರೆದ ಟಮಾಟಿ ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆಯ ಮೇಲೆ ಬಿಟ್ಟೆ. ಚಮಚದಿಂದ ಪಾತ್ರೆಯ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಎರಡು ಎಣಿಸುವವರೆಗೆ ಮುಚ್ಚಬಾರದು, ಅಂಚಿನಲ್ಲಿ ಎಣ್ಣೆ ಬಿಟ್ಟಿರಬೇಕು. ಅಲ್ಲಿಯವರೆಗೆ ಕೆನೆಯ ಡಬ್ಬಿ ಮುಟ್ಟಬೇಡಿ. ಹಸಿ ಟಮಾಟಿಗೆ ಎಷ್ಟೇ ಒಳ್ಳೆಯ ಕೆನೆ ಹಾಕಿದರೂ ಹಸಿ ವಾಸನೆ ಹೋಗುವುದಿಲ್ಲ. ಹುಳಿ ಕಡಿಮೆ ಮಾಡಲು ಸಕ್ಕರೆ ಹಾಕುವವರಿಗೆ ಒಂದು ಮಾತು: ಸಕ್ಕರೆ ಹುಳಿಯನ್ನು ನಾಲಿಗೆಗೆ ಮರೆಮಾಡುತ್ತದೆ ಅಷ್ಟೆ, ಹುಳಿ ಅಲ್ಲೇ ಇರುತ್ತದೆ, ಹಾಲು ಒಡೆಯುವುದು ತಪ್ಪುವುದಿಲ್ಲ. ನಿಜವಾಗಿ ಹುಳಿ ತಗ್ಗಿಸುವುದು ಅಡುಗೆ ಸೋಡಾ. ಎರಡು ಕಿಲೊ ಟಮಾಟಿಗೆ ಎರಡು ಚಿಟಿಕೆ ಹಾಕಿದೆ, ಬುರುಬುರು ನೊರೆ ಬಂದು ಇಳಿಯಿತು. ಜಾಸ್ತಿಯಾದರೆ ಸಾಬೂನಿನಂಥ ರುಚಿ ಬರುತ್ತದೆ, ಹಾಗಾಗಿ ಎರಡು ಚಿಟಿಕೆಗೆ ಕೈ ನಿಲ್ಲಿಸಬೇಕು.

ಈಗ ಬಟ್ಟಲುಗಳಿಗೆ ಬರೋಣ.

ಮೈದಾ ಹಾಲಿನದು ಎಲ್ಲಕ್ಕಿಂತ ಅಗ್ಗ. ಒಂದು ಸಣ್ಣ ಚಮಚ ಬೆಣ್ಣೆಯಲ್ಲಿ ಅಷ್ಟೇ ಮೈದಾ ಹುರಿದು, ಅರ್ಧ ಬಟ್ಟಲು ಹಾಲು ಹಾಕಿ ಗಂಟಿಲ್ಲದಂತೆ ತಿರುವಿ, ಟಮಾಟಿಗೆ ಬೆರೆಸಿದೆ. ಒಡೆಯಲಿಲ್ಲ. ಮೈದಾದ ಪಿಷ್ಟ ಹಾಲಿನ ಪ್ರೋಟೀನು ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ತಡೆಯುತ್ತದೆ. ಒಲೆಯ ಮೇಲಿದ್ದಾಗ ನೋಡಲು ಛಂದ ಇತ್ತು. ತಟ್ಟೆಗೆ ಹಾಕಿ ಹತ್ತು ನಿಮಿಷಕ್ಕೆ ಅಂಟಿನ ಹಾಗೆ ಗಟ್ಟಿಯಾಯಿತು, ಟಮಾಟಿಯ ರುಚಿ ಹಿಂದೆ ಸರಿದು ಮೈದಾ ಮುಂದೆ ಬಂತು. ಮನೆಯಲ್ಲಿ ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಪೆಟ್ಟಿಗೆಯ ಕ್ರೀಮಿನ ಮೇಲೆ ಕೊಬ್ಬು ಶೇಕಡಾ 25 ಎಂದು ಬರೆದಿರುತ್ತದೆ. ಟೋನ್ಡ್ ಹಾಲಿನಲ್ಲಿರುವುದು ಶೇಕಡಾ 3. ಕೊಬ್ಬು ಹೆಚ್ಚಾದಷ್ಟೂ ಅದರ ಲೆಕ್ಕಕ್ಕೆ ಪ್ರೋಟೀನು ಕಡಿಮೆ, ಆದ್ದರಿಂದ ಒಡೆಯುವ ಭಯವೂ ಕಡಿಮೆ. ಕಾಲು ಬಟ್ಟಲು ಹಾಕಿದೊಡನೆ ಸಾಸು ತಿಳಿ ಕಿತ್ತಳೆ ಬಣ್ಣಕ್ಕೆ ತಿರುಗಿತು, ಒಂದು ಕಾಳೂ ಇಲ್ಲ. ನಾಲ್ಕರಲ್ಲಿ ನೋಟಕ್ಕೆ ಇದೇ ಮೊದಲು. ಹೋಟೆಲಿನದೇ ರುಚಿ, ಮಗಳಿಗೆ ಹಿಡಿಸಿತು. ನನಗೆ ಸ್ವಲ್ಪ ಸಪ್ಪೆ ಅನ್ನಿಸಿತು, ಹಾಲಿನ ವಾಸನೆಯೇ ಇಲ್ಲ. ಇನ್ನೊಂದು ತೊಂದರೆ ಪೆಟ್ಟಿಗೆ ಒಡೆದ ಮೇಲಿನದು. ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು, ಫ್ರೀಜರಿನಲ್ಲಿಟ್ಟರೆ ನೀರೇ ಬೇರೆ ಕೊಬ್ಬೇ ಬೇರೆ ಆಗುತ್ತದೆ. ಹತ್ತು ಜನ ನೆಂಟರು ಬಂದ ದಿನ ಚಿಂತೆಯಿಲ್ಲದೆ ಇದನ್ನೇ ತರುತ್ತೇನೆ. ನಾಲ್ಕು ಜನರ ಊಟಕ್ಕೆ ತರುವುದಿಲ್ಲ.

ಎಮ್ಮೆ ಹಾಲಿನ ಕೆನೆಯ ಬಗ್ಗೆ ನಿಧಾನವಾಗಿ ಹೇಳಬೇಕು, ಅದರಲ್ಲಿ ನಾನು ಮೂರು ಸಲ ಸೋತಿದ್ದೇನೆ. ಮೊದಲ ಸಲ ನಾಲ್ಕು ದಿನ ಕೂಡಿಸಿಟ್ಟ ಕೆನೆ ಹಾಕಿದೆ. ಫ್ರಿಜ್ಜಿನಲ್ಲಿದ್ದರೂ ಅದಕ್ಕೆ ಆಗಲೇ ಹುಳಿ ಹತ್ತಿತ್ತು, ಬಿಸಿ ತಾಗಿದ ಕೂಡಲೇ ಒಡೆಯಿತು. ಎರಡನೇ ಸಲ ತಾಜಾ ಕೆನೆಯನ್ನು ಮಿಕ್ಸಿಗೆ ಹಾಕಿದೆ. ಮಾರ್ಚ್ ತಿಂಗಳ ಮಧ್ಯಾಹ್ನ, ಅಡುಗೆಮನೆಯಲ್ಲಿ ನಿಲ್ಲಲಾಗದ ಸೆಕೆ, ಅರ್ಧ ನಿಮಿಷದಲ್ಲಿ ಬೆಣ್ಣೆ ಮೇಲೆ ತೇಲಿತು. ಮೂರನೇ ಸಲ ಎಲ್ಲ ಸರಿಯಿತ್ತು, ಆದರೆ ಕೆನೆಯ ಪದರು ಹಾಗೇ ಉಳಿದು ಪಾಸ್ತಾದ ತುಂಬ ಬಿಳಿ ಚೂರು ಕಾಣುತ್ತಿದ್ದವು.

ಅತ್ತಿ ಅಷ್ಟೂ ಸಲ ಸುಮ್ಮನೆ ನೋಡುತ್ತಿದ್ದವರು ಆಗ ಬಾಯಿ ಬಿಟ್ಟರು. "ರಾತ್ರಿ ಕಾಸಿಟ್ಟ ಹಾಲಿಂದು ಮುಂಜಾನಿ ತೆಗಿಯವ್ವಾ, ಅದರಾಗ ತಣ್ಣನ ಹಾಲ್ ಎರಡ್ ಚಮಚ ಹಾಕಿ ಚಮಚದ ಬೆನ್ನಿಂದ ತಿಕ್ಕು. ಮಿಕ್ಸರ್ ಯಾಕ್ ಬೇಕು?" ಅಂದರು. ಹಾಗೇ ಮಾಡಿದೆ. ಒಂದೂವರೆ ಲೀಟರ್ ಹಾಲಿನ ಮೇಲೆ ರಾತ್ರಿ ಕಳೆದು ಕಟ್ಟಿದ ಕೆನೆ ದಪ್ಪ ಕಂಬಳಿಯ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ತಣ್ಣನೆಯ ಸ್ಟೀಲ್ ಬಟ್ಟಲಿನಲ್ಲಿ ಹಾಕಿ, ಚಮಚದ ಬೆನ್ನಿನಿಂದ ಬಟ್ಟಲಿನ ಮೈಗೆ ಒತ್ತಿ ಒತ್ತಿ ತಿಕ್ಕಿದಾಗ ಪದರು ಹರಿದು, ಮೊದಲು ಮೊಸರಿನ ಹಾಗೆ ಒರಟಾಗಿ, ಆಮೇಲೆ ಮಿರಿಮಿರಿ ಮುಲಾಮಿನ ಹಾಗೆ ನುಣ್ಣಗಾಯಿತು. ಚಹಾ ಸೋಸುವ ಜರಡಿಯಲ್ಲಿ ಒಮ್ಮೆ ಒತ್ತಿ ಇಳಿಸಿದೆ. ಪಾಸ್ತಾ ಬೇಯಿಸಿದ ಬಿಸಿ ನೀರನ್ನು ಎರಡು ಚಮಚ, ಮತ್ತೆ ಎರಡು ಚಮಚ ಬೆರೆಸಿ ಕೆನೆಯನ್ನು ಬೆಚ್ಚಗೆ ಮಾಡಿಕೊಂಡೆ. ಆ ನೀರಿನಲ್ಲೂ ಪಿಷ್ಟ ಇರುತ್ತದೆ, ಮೈದಾ ಮಾಡುವ ಕೆಲಸವನ್ನೇ ಹಗುರವಾಗಿ ಮಾಡುತ್ತದೆ. ಒಲೆ ಆರಿಸಿ, ಟಮಾಟಿಯ ಕುದಿ ನಿಂತು ಎರಡು ನಿಮಿಷ ಆದ ಮೇಲೆ ಹಾಕಿದೆ.

ಹೋಲಿಕೆಯ ದಿನ ಮೂರನೇ ಬಟ್ಟಲಿಗೆ ಇಳಿದದ್ದು ಹೀಗೆ ಮಾಡಿದ ಕೆನೆ. ಬಣ್ಣ ಪೆಟ್ಟಿಗೆಯದರಷ್ಟು ಏಕಸಮ ಇರಲಿಲ್ಲ, ಮೇಲೆ ಕೆಂಪು ಎಣ್ಣೆಯ ಹೊಳಪು ಸಣ್ಣಗೆ ತೇಲುತ್ತಿತ್ತು. ರುಚಿಯಲ್ಲಿ ಉಳಿದ ಮೂರೂ ಇದರ ಹತ್ತಿರ ಬರಲಿಲ್ಲ. ಕಾಸಿದ ಹಾಲಿನ ಆ ಸಿಹಿ ವಾಸನೆ, ಅದರ ಹಿಂದೆ ಟಮಾಟಿಯ ಹುಳಿ, ಕೊನೆಗೆ ಬಳ್ಳೊಳ್ಳಿ, ಮೂರೂ ಬೇರೆ ಬೇರೆ ಗೊತ್ತಾಗುತ್ತಿದ್ದವು. ನಮ್ಮ ಮನೆಯವರು ಮಾತಾಡದೆ ಎರಡು ಸಲ ಹಾಕಿಸಿಕೊಂಡರು. ಮನೆಗೆ ಎಮ್ಮೆ ಹಾಲು ಬರುವವರು ಬೇರೆ ಯಾವುದಕ್ಕೂ ದುಡ್ಡು ಕೊಡಬೇಕಾಗಿಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಆಕಳ ಹಾಲು, ಪಾಕೀಟು ಹಾಲಿನ ಮೇಲೆ ಇಷ್ಟು ಕೆನೆ ಕಟ್ಟುವುದಿಲ್ಲ, ಅವರಿಗೆ ಈ ದಾರಿ ಕಷ್ಟ.

ಗೋಡಂಬಿ ಬಟ್ಟಲಿನ ಮೇಲೆ ನನಗೆ ಮೊದಲು ನಂಬಿಕೆ ಇರಲಿಲ್ಲ. ಶಾಹಿ ಪನೀರಿನ ಗ್ರೇವಿ ಆಗಿಬಿಡುತ್ತದೆ ಅಂದುಕೊಂಡಿದ್ದೆ. ಹನ್ನೆರಡು ಗೋಡಂಬಿಯನ್ನು ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ಅರೆದು ಹಾಕಿದೆ. ಇದರಲ್ಲಿ ಕೇಸೀನೇ ಇಲ್ಲ, ಹಾಗಾಗಿ ಒಡೆಯುವ ಮಾತೇ ಇಲ್ಲ, ಕುದಿಸಿದರೂ ನಡೆಯುತ್ತದೆ. ಸಿಹಿ ಸ್ವಲ್ಪ ಮುಂದಾಯಿತು, ಒಂದು ಚಿಟಿಕೆ ಮೆಣಸಿನಪುಡಿ ಹಾಕಿ ಸರಿ ಮಾಡಿದೆ. ಕಸೂರಿ ಮೇಥಿ, ಗರಂ ಮಸಾಲೆ ಕಡೆಗೆ ಕೈ ಹೋಗದಂತೆ ನೋಡಿಕೊಂಡರೆ ಇದು ಪಾಸ್ತಾ ಆಗಿಯೇ ಉಳಿಯುತ್ತದೆ. ಬಿಸಿಬಿಸಿ ತಟ್ಟೆಯಲ್ಲಿ ನನ್ನ ಲೆಕ್ಕಕ್ಕೆ ಇದು ಎರಡನೆಯದು.

ಆದರೆ ಮರುದಿನ ಲೆಕ್ಕ ತಿರುಗಿತು. ನಾಲ್ಕರಲ್ಲೂ ಒಂದೊಂದು ಹಿಡಿ ಉಳಿಸಿ ಬೆಳಗ್ಗೆ ಬಿಸಿ ಮಾಡಿ ನಾಲ್ಕು ಸಣ್ಣ ಡಬ್ಬಿಗೆ ತುಂಬಿ, ಮಗಳ ಊಟದ ಹೊತ್ತಾದ ಒಂದು ಗಂಟೆಗೆ ತೆರೆದೆ. ಮೈದಾದ್ದು ಡಬ್ಬಿಯ ಆಕಾರದಲ್ಲೇ ಕೂತಿತ್ತು. ಪೆಟ್ಟಿಗೆ ಕ್ರೀಮಿನದು ಒಣಗಿತ್ತು. ನಾನು ಅಷ್ಟು ಮೆಚ್ಚಿದ ಎಮ್ಮೆ ಕೆನೆಯದು ಮತ್ತೆ ಬಿಸಿ ಮಾಡಿದ್ದಕ್ಕೆ ಎಣ್ಣೆ ಬಿಟ್ಟು, ತಳದಲ್ಲಿ ಕೆಂಪು ತುಪ್ಪ ನಿಂತಿತ್ತು. ಗೋಡಂಬಿಯದು ಮಾತ್ರ ಹಾಕಿದ ಹಾಗೇ ಇತ್ತು, ಒಂದು ಚಮಚ ನೀರು ಚಿಮುಕಿಸಿದರೆ ಸಾಕು. ಅಂದಿನಿಂದ ಡಬ್ಬಿಗೆ ಗೋಡಂಬಿ, ರಾತ್ರಿಯ ಊಟಕ್ಕೆ ಕೆನೆ.

ಶೇಂಗಾ ಅರೆದು ಹಾಕಿದರೆ ಹೇಗೆ ಅಂತ ಪಕ್ಕದ ಮನೆ ವೈನಿ ಕೇಳಿದರು. ಮಾಡಿ ನೋಡಿದೆ. ಬದನೆಕಾಯಿ ಎಣ್ಣೆಗಾಯಿಯ ನೆನಪಾಯಿತು, ಅದು ಅಲ್ಲೇ ಇರಲಿ. ಮೊಸರು ಹುಳಿಯ ಮೇಲೆ ಹುಳಿ.

ಪಾಸ್ತಾದಲ್ಲೂ ಎರಡು ಬಗೆ ತಂದು ನೋಡಿದ್ದೇನೆ. ಕಿಲೊ ಲೆಕ್ಕದಲ್ಲಿ ಬಿಡಿಯಾಗಿ ಮಾರುವ ಮ್ಯಾಕರೋನಿ ಎಂಟು ನಿಮಿಷಕ್ಕೆ ಹೊರಗೆ ಮುದ್ದೆ, ಒಳಗೆ ಹಿಟ್ಟು, ನೀರು ಗಂಜಿಯಾಗಿತ್ತು. ಪೊಟ್ಟಣದ ಮೇಲೆ ಡ್ಯೂರಮ್ ಗೋಧಿ (ಗಟ್ಟಿ ಜಾತಿಯ ಗೋಧಿ) ರವೆ ಎಂದು ಬರೆದ ಪೆನ್ನೆ ಹನ್ನೊಂದು ನಿಮಿಷಕ್ಕೂ ಹಲ್ಲಿಗೆ ಸಿಗುವಷ್ಟು ಗಟ್ಟಿ ಇತ್ತು. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಿಂದಲೇ ಮಾಡಬೇಕು ಎಂದು 1967ರಲ್ಲಿ ಕಾನೂನೇ ಆಗಿದೆ. ಇದನ್ನು ಅತ್ತಿಯವರಿಗೆ ಹೇಳಿದರೆ ಅವರಿಗೆ ಏನೂ ಹೊಸದನ್ನಿಸಲಿಲ್ಲ. "ಶ್ಯಾವಿಗಿಗೂ ಗಟ್ಟಿ ಗೋದಿ ರವಾನೇ ಬೇಕು. ಮೆತ್ತನ ಗೋದಿದು ಬಸಿವಾಗ ಮುದ್ದಿ ಆಗ್ತದ" ಅಂದರು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಗ್ಗ ಕಟ್ಟಿ ಶ್ಯಾವಿಗೆ ಒಣಗಿಸಿದ ಕೈಗಳಿಗೆ ಪೆನ್ನೆ ಬೆಂದಿದೆಯೋ ಇಲ್ಲವೋ ಅಂತ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಯಲ್ಲಿ ಪಾಸ್ತಾ ಒಂದು ಕಾಳು ಹಿಚುಕಿ "ಸಾಕು, ಬಸಿ" ಅನ್ನುವವರು ಅವರೇ. ಗೆರೆ ಇರುವ ಪೆನ್ನೆಯನ್ನೇ ತನ್ನಿ, ಸಾಸು ಗೆರೆಯಲ್ಲಿ ಹಿಡಿಯುತ್ತದೆ. ಬಸಿಯುವ ಮೊದಲು ಒಂದು ಲೋಟ ನೀರು ತೆಗೆದಿಡುವುದನ್ನು ಮರೆಯಬೇಡಿ.

ಮೇಲೆ ಉದುರಿಸಲು ತುಳಸಿ ಹಾಕಬೇಡಿ, ಅದಕ್ಕೆ ಲವಂಗದ ಘಾಟು. ಹೂವಿನ ದಂಡೆಗೆ ಸೇರಿಸುವ ಕಾಮಕಸ್ತೂರಿ ಇದೆಯಲ್ಲ, ಇಟಲಿಯವರ ಬೇಸಿಲ್ ಅದೇ ಜಾತಿಯ ಗಿಡ. ನಾಲ್ಕು ಎಲೆ ಕೈಯಲ್ಲೇ ಹರಿದು ಹಾಕಿದರೆ ಸಾಕು, ಬಾಗಿಲಿಗೆ ಬಂದವರಿಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಕಾಳಜಿ ಮಾಡಿದರೂ ಒಂದೊಂದು ದಿನ ಒಡೆಯುತ್ತದೆ, ಹೋದ ತಿಂಗಳು ಮತ್ತೆ ಒಡೆಯಿತು. ಚೆಲ್ಲಬೇಡಿ. ಪಾಸ್ತಾ ಇನ್ನೂ ಸೇರಿಸಿರದಿದ್ದರೆ ಸಾಸನ್ನು ಆರಲು ಬಿಟ್ಟು, ನೆನೆಸಿದ ನಾಲ್ಕು ಗೋಡಂಬಿಯ ಜೊತೆ ಮಿಕ್ಸಿಯಲ್ಲಿ ಒಂದು ನಿಮಿಷ ತಿರುಗಿಸಿ, ಸೋಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಆ ಹೊಳಪು ಮರಳಿ ಬರುವುದಿಲ್ಲ. ಕಾಳು ಮಾತ್ರ ಒಂದೂ ಉಳಿಯುವುದಿಲ್ಲ.