ಶಿಕ್ಷಕರಿಗೆ ವಾಟ್ಸಾಪೋ, ಟೆಲಿಗ್ರಾಮೋ?

ಪೋಷಕರ ಜೊತೆ ಮಾತಾಡೋದಕ್ಕಾದರೆ ವಾಟ್ಸಾಪೇ ಸರಿ. ಹೆಚ್ಚಿನವರ ಮೊಬೈಲಿನಲ್ಲಿ ಅದು ಇದ್ದೇ ಇರುತ್ತದೆ, ಹೋಮ್‌ವರ್ಕ್, ರಜೆಯ ಸೂಚನೆ ಥಟ್ಟನೆ ತಲುಪುತ್ತವೆ. ಆದರೆ ಶುಭೋದಯದ ಚಿತ್ರಗಳ ಮಧ್ಯೆ ಮುಖ್ಯ ಸೂಚನೆ ಕಳೆದುಹೋಗುತ್ತದೆ. ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಬದಲಿಸಿಬಿಡಿ.

ಶಿಕ್ಷಕರು ತಾವೇ ಕಲಿಯೋದಕ್ಕೆ ನನ್ನ ಆಯ್ಕೆ ಟೆಲಿಗ್ರಾಂ. ವಾಟ್ಸಾಪ್ ಗುಂಪಿಗೆ 1,024 ಜನರ ಮಿತಿ, ಇಲ್ಲಿ 2 ಲಕ್ಷ. ನಂಬರ್ ಮುಚ್ಚಿಡಬಹುದು. ಹಳೆಯ ಮೆಸೇಜ್ ಎಲ್ಲರಿಗೂ ಕಾಣುವಂತೆ ಇಟ್ಟರೆ, ಜೂನ್‌ನಲ್ಲಿ ಯಾರೋ ಹಾಕಿದ ಹತ್ತನೇ ತರಗತಿಯ ಗಣಿತ ಪ್ರಶ್ನೆಪತ್ರಿಕೆಯನ್ನು ಡಿಸೆಂಬರ್‌ನಲ್ಲಿ ಸೇರಿದ ಹಳ್ಳಿ ಶಾಲೆಯ ಮೇಷ್ಟ್ರೂ ಹುಡುಕಿ ತೆಗೆಯಬಹುದು, ದೊಡ್ಡ ಅನುಕೂಲ ಅಲ್ವಾ?

ಪಾಠದ ವಿಡಿಯೊ ಆದರೆ ಯೂಟ್ಯೂಬ್‌ನಲ್ಲಿ 'ಅನ್‌ಲಿಸ್ಟೆಡ್' (ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ) ಮಾಡಿ ಲಿಂಕ್ ಕೊಡಿ. ಮಕ್ಕಳ ಮುಖ ಕಾಣುವ ಫೋಟೊವನ್ನು ಪೋಷಕರ ಒಪ್ಪಿಗೆ ಇಲ್ಲದೆ ಎಲ್ಲೂ ಹಾಕಬೇಡಿ.